ಪಾಯ್ಸರು ಕೋವಿ ಆರಿಸಿದ್ದು

ಇಷ್ಟಕ್ಕೆಲ್ಲ ಕಾರಣ ಒಂದು ವಾಟ್ಸ್‌ಆ್ಯಪ್ ಫೋಟೋ. ಕಳೆದ ರಜೆಯಲ್ಲಿ ಅಲೆಕ್ಸಾಂಡರ್ ಪಾಯ್ಸರು ಶಿರ್ವದಲ್ಲಿ ಹೆಂಡತಿಯ ಸೋದರಮಾವನ ಮನೆಗೆ ಊಟಕ್ಕೆ ಹೋಗಿದ್ದರು. ಚುನಾವಣೆ ಮುಗಿದು, ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟಿದ್ದ ಮನೆಯ ಕೋವಿ ಅಂದೇ ವಾಪಸು ಬಂದಿತ್ತು. ಹಂದಿ ಮಾಂಸದ ಊಟದ ಹುಮ್ಮಸ್ಸಿನಲ್ಲಿ ಪಾಯ್ಸರು ಅದನ್ನು ಹೆಗಲಿಗೇರಿಸಿ, ಗೋಡೆಯ ಮೇಲಿದ್ದ ಹಳೆಯ ಜಿಂಕೆಕೊಂಬಿನ ಕೆಳಗೆ ಎದೆಯುಬ್ಬಿಸಿ ನಿಂತು ಫೋಟೋ ತೆಗೆಸಿಕೊಂಡರು. ಅಬುಧಾಬಿಗೆ ಮರಳಿದ ಮೇಲೆ ಅದನ್ನೇ ಡಿಪಿ ಮಾಡಿಕೊಂಡರು. ಜಿರಳೆ ಕಂಡರೆ ಮಂಚ ಹತ್ತುವ ಮನುಷ್ಯ ಇವರು ಎಂಬುದು ಫೋಟೋದಲ್ಲಿ ಯಾರಿಗೆ ಗೊತ್ತಾಗಬೇಕು?

ಅದನ್ನು ಕಂಪನಿಯ ಮಾಲೀಕ, ಎಲ್ಲರೂ ಅರಬಾಬ್ ಎಂದು ಕರೆಯುವ ಎಪ್ಪತ್ತು ದಾಟಿದ ಸೈಫ್, ನೋಡಿಬಿಟ್ಟರು.

ಪಾಯ್ಸರಿಗೆ ಬೇಕಾಗಿದ್ದದ್ದು ರಜೆ, ಅಷ್ಟೇ. ಹೆಂಡತಿ ಗರ್ಟ್ರೂಡಳ ಅಕ್ಕನ ಮಗಳು ಒಲಿವಿಯಾಳ ಮದುವೆ. ಅಲ್ಲಿ ಟೋಸ್ಟ್ ಎತ್ತಲು, ಅಂದರೆ ವೈನಿನ ಲೋಟ ಹಿಡಿದು ವಧೂವರರನ್ನು ಹೊಗಳಿ ಹರಸಲು, ಈ ಸಲ ಅವರನ್ನು ಕರೆದಿದ್ದರು. ಮಂಗಳೂರು ಕಡೆಯ ಕ್ರೈಸ್ತರ ಮದುವೆಯಲ್ಲಿ ಇದೇನು ಸಣ್ಣ ಮರ್ಯಾದೆಯಲ್ಲ. ಇಷ್ಟು ಕಾಲ ಆ ಮನೆತನದ ಎಲ್ಲ ಮದುವೆಗಳಲ್ಲಿ ಮೈಕು ಹಿಡಿದವನು ಗರ್ಟ್ರೂಡಳ ತಮ್ಮ, ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿರುವ ಡ್ಯಾರಲ್. ಪಾಯ್ಸರ ಪಾಲಿಗೆ ಬರುತ್ತಿದ್ದದ್ದು ಐಸ್‌ಕ್ರೀಮ್ ಕರಗದಂತೆ ನೋಡಿಕೊಳ್ಳುವ ಕೆಲಸ. ಈಗ ಕೊನೆಗೂ ಕರೆ ಬಂದಿದೆ, ಭಾಷಣ ಬಾತ್‌ರೂಮಿನಲ್ಲಿ ಬಾಯಿಪಾಠವಾಗಿದೆ, ನಾಳೆ ವಿಮಾನ, ಆದರೆ ರಜೆ ಮಾತ್ರ ಮಂಜೂರಾಗಿಲ್ಲ!

ಅವರ ಹೊಟ್ಟೆ ಉರಿಯದೆ ಏನಾದೀತು? ಲೆಕ್ಕಪತ್ರ ನೋಡುವ ಅಬ್ದುಲ್ ರವೂಫರು ಇಪ್ಪತ್ತು ವರ್ಷ ಪೂರೈಸಿದಾಗ ಅರಬಾಬ್ ಅವರನ್ನು ಹೆಂಡತಿ ಸಮೇತ ಮೆಕ್ಕಾಗೆ ಉಮ್ರಾ ಯಾತ್ರೆಗೆ ಕಳಿಸಿದ್ದರು. ಪಾಯ್ಸರಿಗೆ ಇಪ್ಪತ್ತು ತುಂಬಿದಾಗ ಒಂದು ಖರ್ಜೂರವೂ ಬರಲಿಲ್ಲ. ಹಾಳಾಗಲಿ, ಒಂದು ಸಹಿಯನ್ನಾದರೂ ಹಾಕಬಾರದೇ?

ಬೆಳಿಗ್ಗೆ ರೀಮ್ ಐಲ್ಯಾಂಡಿನ ಆಫೀಸಿನಲ್ಲಿ ಮತ್ತೆ ರಜೆಯ ಕಾಗದ ಹಿಡಿದು ಒಳಗೆ ಹೋದರೆ ಅರಬಾಬ್ ಕಾಗದ ನೋಡಲೇ ಇಲ್ಲ, ಮೊಬೈಲ್ ತೋರಿಸಿದರು.

"ಯಾ ಪಾಯ್ಸ್! ನೀನು ಶಿಕಾರಿ ಅಂತ ಇಷ್ಟು ವರ್ಷ ಬಾಯೇ ಬಿಡಲಿಲ್ಲ. ಜಿಂಕೆ ಹೊಡೆದಿದ್ದೀಯಾ?"

ಆಗಲೇ ನಿಜ ಹೇಳಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. "ಜಿಂಕೆ ಇಲ್ಲ ಅರಬಾಬ್, ನಮ್ಮಲ್ಲಿ ಅದಕ್ಕೆ ಜೈಲು. ಬರೀ ಹಂ..." ಎಂದವರು ಮಾತು ನುಂಗಿಕೊಂಡು, "ಬೇರೆ ಏನೇನೋ," ಎಂದು ಮುಗಿಸಿದರು.

"ಪಾಪ," ಎಂದು ಅರಬಾಬ್ ಮರುಗಿದರು. "ಸರಿ, ಕೇಳು. ಒಬ್ಬ ಹುಡುಗ ಇದ್ದಾನೆ. ಮೊದಲ ಸಲ ಜಿಂಕೆ ಬೇಟೆಗೆ ಕಜಕಿಸ್ತಾನಕ್ಕೆ ಕರ್ಕೊಂಡು ಹೋಗ್ತೇನೆ. ಅವನ ರೈಫಲ್ ನೀನೇ ಆರಿಸ್ಬೇಕು. ಮಧ್ಯಾಹ್ನ ಶಿಕಾರಿ ಎಕ್ಸಿಬಿಷನ್‌ಗೆ ಬಾ. ನಿನ್ನ ರಜೆಗೆ ಸಹಿ ಅಲ್ಲೇ. ಯಲ್ಲಾ!"

ಹುಡುಗ ಎಂದರೆ ಮೊಮ್ಮಗನೇ ಎಂದು ಆಫೀಸು ಕ್ಷಣದಲ್ಲಿ ತೀರ್ಮಾನಿಸಿತು. ಸಲಹೆಗಳೂ ಶುರುವಾದವು.

"ಪೊರ್ಬುಗಳೇ, ದೊಡ್ಡದೇ ಆರಿಸಿ," ಎಂದರು ರವೂಫರು, ಊರಿನ ಕಡೆ ಕ್ರೈಸ್ತರನ್ನು ಕರೆಯುವ ಹಾಗೆಯೇ. "ಅರಬಾಬ್‌ನ ಮೊಮ್ಮಗನಿಗೆ ಸಣ್ಣ ಕೋವಿ ಕೊಟ್ರೆ ಮರ್ಯಾದೆ ಉಂಟಾ? ಅವರು ಗಾಡಿಯಾದ್ರೂ ಸಣ್ಣದು ತಗೊಳ್ತಾರಾ?"

ಎಚ್‌ಆರ್‌ನ ಮೆಲಿಸ್ಸಾ ಕಣ್ಣು ತುಂಬಿಕೊಂಡು ಬಂದಳು. "ಅಂಕಲ್, ಹೌ ಕ್ಯಾನ್ ಯೂ? ಜಿಂಕೆಯ ಕಣ್ಣು ನೋಡಿದ್ದೀರಾ ನೀವು?" ಅವಳ ಕೈಯಲ್ಲಿದ್ದದ್ದು ಮಟನ್ ಬಿರಿಯಾನಿಯ ಡಬ್ಬ.

"ಕೊಲ್ಲುವುದು ನಾನಲ್ಲ ಮಾರಾಯ್ತಿ, ಆರಿಸುವುದು ಮಾತ್ರ!" ಎಂದು ಪಾಯ್ಸರು ಸಿಡುಕಿದರು.

ಅಷ್ಟರಲ್ಲಿ ಗರ್ಟ್ರೂಡಳ ಫೋನು. "ಎಂತ, ಕೋವಿಯಾ? ಮೀನಿನ ಮುಳ್ಳು ತೆಗೀಲಿಕ್ಕೆ ನಿಮಗೆ ನಾನು ಬೇಕು! ರಜೆ ಸಿಕ್ಕಿತಾ ಇಲ್ವಾ, ಅದು ಹೇಳಿ. ಡ್ಯಾರಲ್ ಆಗಲೇ ಫೋನ್ ಮಾಡಿದ. 'ಭಾವನಿಗೆ ಆಗದಿದ್ರೆ ನಾನಿದ್ದೇನೆ' ಅಂತ."

"ಸತ್ತರೂ ಟೋಸ್ಟ್ ನನ್ನದೇ ಅಂತ ಹೇಳು ಅವನಿಗೆ!"

ಪ್ರದರ್ಶನದಲ್ಲಿ ಗಿಡುಗಗಳು, ಒಂಟೆಯ ಜೀನುಗಳು, ಕೋವಿಗಳು, ನೋಡುವವರ ನೂಕುನುಗ್ಗಲು. ಅರಬಾಬ್ ನೇರವಾಗಿ ಬಿಳಿಗಡ್ಡದ ಒಬ್ಬ ಜರ್ಮನ್ನನ ಮಳಿಗೆಗೆ ಕರೆದೊಯ್ದು, "ಇವನು ದೊಡ್ಡ ಶಿಕಾರಿ," ಎಂದು ಪರಿಚಯಿಸಿದರು.

"ಯಾವ ಕ್ಯಾಲಿಬರ್, ಎಷ್ಟು ಅಳತೆಯ ಗುಂಡಿನದು ಬೇಕು?" ಜರ್ಮನ್ ಕೇಳಿದ.

"ಒಳ್ಳೆಯದು," ಎಂದರು ಪಾಯ್ಸರು.

ರವೂಫರ ಮಾತು ನೆನಪಾಗಿ ಮೊದಲು ದೊಡ್ಡದನ್ನೇ ಎತ್ತಿದರು. ತುಂಬಿದ ಗ್ಯಾಸ್ ಸಿಲಿಂಡರಿನ ಭಾರ. ಅದನ್ನಿಟ್ಟು, ಗುರಿ ನೋಡುವ ದೂರದರ್ಶಕ ಎತ್ತಿ ಕಣ್ಣಿಟ್ಟರೆ ಎದುರಿಗಿದ್ದ ಅರಬಾಬ್ ಎಳ್ಳಿನಷ್ಟು ಚಿಕ್ಕದಾಗಿ ಕಂಡರು. ಜರ್ಮನ್ ಅದನ್ನು ಸರಿಯಾದ ತುದಿಗೆ ತಿರುಗಿಸಿ ಕೊಟ್ಟ. ನಾಚಿಕೆಯಿಂದ ಗಕ್ಕನೆ ಹಿಂದೆ ಸರಿದಾಗ, ಗೋಡೆಗೆ ತೂಗುಹಾಕಿದ್ದ ಜಿಂಕೆತಲೆಯ ಕೊಂಬಿಗೆ ಅವರ ಕಾಲರು ಸಿಕ್ಕಿಕೊಂಡಿತು. ಸತ್ತ ಜಿಂಕೆ ಬೇಟೆಗಾರನನ್ನು ಹಿಡಿದು ನಿಲ್ಲಿಸಿತು. ಬಿಡಿಸಲು ಇಬ್ಬರು ಬೇಕಾದರು.

ಪಾಯ್ಸರ ಸಿಟ್ಟು ನೆತ್ತಿಗೇರಿತು. ಯಾರದೋ ಮೊಮ್ಮಗನ ಶೋಕಿಗೆ ತಮ್ಮ ಹೆಗಲು ಮುರಿಯಬೇಕೇ? ಸಾಲಿನಲ್ಲಿ ಎಲ್ಲಕ್ಕಿಂತ ತೆಳ್ಳಗಿದ್ದದ್ದನ್ನು ತೋರಿಸಿ, "ಇದು! ಹುಡುಗನಿಗೆ ಇದೇ," ಎಂದರು.

"ಅಷ್ಟು ಸಣ್ಣದಾ?" ಅರಬಾಬ್ ಹುಬ್ಬೇರಿಸಿದರು.

"ಹೊಸಬನಿಗೆ ದೊಡ್ಡದು ಯಾಕೆ ಅರಬಾಬ್? ಹೆಗಲಿಗೆ ಒದೀತದೆ. ಒಮ್ಮೆ ಒದ್ದರೆ ಹೆದರ್ತಾನೆ, ಆಮೇಲೆ ಕಣ್ಣು ಮುಚ್ಚಿ ಹೊಡೀತಾನೆ. ಜಿಂಕೆ ಸಾಯೋದೂ ಇಲ್ಲ, ಬದುಕೋದೂ ಇಲ್ಲ. ಹಗುರ ಇರ್ಲಿ, ಒದೆ ಕಮ್ಮಿ ಇರ್ಲಿ, ಕೈ ನಡುಗದೆ ಹಿಡೀಲಿಕ್ಕೆ ಆಗ್ಲಿ!"

ತಮ್ಮನ್ನೇ ಕಣ್ಣ ಮುಂದಿಟ್ಟುಕೊಂಡು ಅವರು ಆಡಿದ ಮಾತು ಅದು. ಆದರೆ ಜರ್ಮನ್ ಅವರ ಎರಡೂ ಕೈ ಹಿಡಿದು ಕುಲುಕಿದ. "ಬೆಳಿಗ್ಗೆಯಿಂದ ಎಲ್ಲರೂ ದೊಡ್ಡದೇ ಕೇಳಿದರು. ವಿಷಯ ಗೊತ್ತಿರುವ ಮನುಷ್ಯ ಸಿಕ್ಕಿದ್ದು ಈಗ," ಎಂದ. ಅರಬಾಬ್‌ನ ಮುಖ ಅರಳಿತು.

"ಕೋವಿಯಲ್ಲಿ ಹೆಗಲಿಗೆ ಒರಗುವ ಮರದ ಹಿಡಿಯ ಉದ್ದ ಹುಡುಗನಿಗೆ ಹೊಂದಬೇಕು. ಅವನೆಲ್ಲಿ?" ಎಂದು ಜರ್ಮನ್ ಕೇಳಿದ.

"ಪಾಯ್ಸ್‌ನ ಅಳತೆ ತಗೋ. ಸರಿಹೋಗ್ತದೆ."

ಅದೂ ಆಯಿತು. ಪಾಯ್ಸರು ಕೈ ಚಾಚಿ, ಕತ್ತು ಓರೆ ಮಾಡಿ, ದರ್ಜಿಯ ಮುಂದೆ ನಿಂತಂತೆ ನಿಂತರು. ಆ ಮೊಮ್ಮಗನಿಗೆ ಬಂದು ನಿಲ್ಲಲೂ ಪುರುಸೊತ್ತಿಲ್ಲವೇ ಎಂದು ಮನಸ್ಸಿನಲ್ಲೇ ಕೊಂಕಣಿಯಲ್ಲಿ ಬೈದರು.

ಅಳತೆ ಮುಗಿಯುತ್ತಲೇ ಅರಬಾಬ್ ರಜೆಯ ಕಾಗದ ಇಸಿದುಕೊಂಡು ದೊಡ್ಡದಾಗಿ ಸಹಿ ಹಾಕಿದರು. ಪಾಯ್ಸರು ಅಲ್ಲೇ ಫೋನ್ ಹಚ್ಚಿದರು. "ಗರ್ಟ್ರೂಡ್, ಖಲಾಸ್! ಸಹಿ ಆಯ್ತು. ಡ್ಯಾರಲ್‌ಗೆ ಹೇಳು, ಈ ಸಲ ಐಸ್‌ಕ್ರೀಮ್ ಅವನು ನೋಡ್ಕೊಳ್ಲಿ!"

ಫೋನ್ ಕಿಸೆಗೆ ಸೇರುವ ಮೊದಲೇ ಚಪ್ಪಾಳೆ ಕೇಳಿಸಿತು. ಮಳಿಗೆಯ ಹಿಂದಿನಿಂದ, ಅರಬಾಬ್ ಆಮೇಲೆ ಗುಟ್ಟಾಗಿ ಕರೆಸಿದ್ದ ರವೂಫರು, ಮೆಲಿಸ್ಸಾ, ಅರ್ಧ ಆಫೀಸು, ಜೊತೆಗೊಂದು ಕೇಕು ಬಂತು. ಅರಬಾಬ್ ರೈಫಲಿನ ಪೆಟ್ಟಿಗೆ ತಿರುಗಿಸಿದರು. ಹಿತ್ತಾಳೆಯ ತಗಡಿನ ಮೇಲೆ 'ಅಲೆಕ್ಸಾಂಡರ್ ಪಾಯ್ಸ್, ಇಪ್ಪತ್ತು ವರ್ಷಗಳ ಸೇವೆಗೆ' ಎಂದು ಕೊರೆದಿತ್ತು.

"ಹುಡುಗ ಅಂದಿರಲ್ಲ ಅರಬಾಬ್?" ಪಾಯ್ಸರ ಧ್ವನಿ ಕೀರಲಾಯಿತು.

"ನನ್ನ ವಯಸ್ಸಿಗೆ ನೀನು ಹುಡುಗನೇ! ರವೂಫ್‌ಗೆ ಬೇಕಾದ್ದು ರವೂಫ್‌ಗೆ, ನಿನಗೆ ಬೇಕಾದ್ದು ನಿನಗೆ. ನಾಳೆ ಬೆಳಿಗ್ಗೆ ಕಜಕಿಸ್ತಾನಕ್ಕೆ ವಿಮಾನ, ನಾನೂ ನೀನೂ. ರಜೆಗೆ ಇಷ್ಟು ದಿನ ಸಹಿ ಹಾಕದ್ದು ಯಾಕೆ ಅಂದ್ಕೊಂಡೆ? ನಿನ್ನ ರಜೆಗೆ ಬೇಟೆಯ ದಿನ ಹೊಂದಿಸ್ಲಿಕ್ಕೆ."

"ಅರಬಾಬ್, ಮದುವೆ..." ಎಂದು ಪಾಯ್ಸರು ಶುರುಮಾಡಿದ್ದು ಅರಬಾಬ್‌ನ ಅಪ್ಪುಗೆಯಲ್ಲಿ ಉಸಿರುಗಟ್ಟಿತು. "ಇಡೀ ಜೀವನ ಜಿಂಕೆ ಸಿಗಲಿಲ್ಲ ಅಂದೆಯಲ್ಲ!" ಎನ್ನುವಾಗ ಆ ಮುದುಕರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. ಅಂಥ ಕಣ್ಣಿನೆದುರು ಜಿರಳೆಯ ವಿಷಯ ಹೇಳುವುದು ಹೇಗೆ?

"ಕೋವಿಯನ್ನು ಮನೆಗೆ...?"

"ಮಾಫಿ, ಮಾಫಿ, ಅದೆಲ್ಲ ಇಲ್ಲ. ಲೈಸೆನ್ಸ್ ನನ್ನ ಹೆಸರಲ್ಲಿ, ನನ್ನ ಮನೆಯಲ್ಲೇ ಇರ್ತದೆ. ಬೇಕಾದಾಗ ಬಂದು ನೋಡು."

ಶಿರ್ವದ ಕೋವಿಯಾದರೂ ಚುನಾವಣೆ ಮುಗಿದ ಮೇಲೆ ಮನೆಗೆ ಬರುತ್ತಿತ್ತು.

ಯಾರೋ ಪಾಯ್ಸರ ಕೈಗೆ ಅರಬಿ ಕಾಫಿಯ ಪುಟ್ಟ ಬಟ್ಟಲು ಕೊಟ್ಟರು. "ಎರಡು ಮಾತು ಹೇಳು!" ಎಂದರು ಅರಬಾಬ್. ಪಾಯ್ಸರು ಬಟ್ಟಲು ಎತ್ತಿ ಬಾಯಿ ತೆರೆದರು. ತಲೆಯಲ್ಲಿ ಇದ್ದದ್ದು ಒಂದೇ ಭಾಷಣ. ಅದೇ ಹೊರಬಂತು.

"ಇವರಿಬ್ಬರನ್ನು ಕೂಡಿಸಿದ್ದು ದೇವರು. ಕಷ್ಟದಲ್ಲೂ ಸುಖದಲ್ಲೂ ಒಬ್ಬರನ್ನೊಬ್ಬರು ಕೈಬಿಡದಿರಲಿ. ವರ ಸ್ವಲ್ಪ ಪುಕ್ಕಲು, ವಧು ಹೊಂದಿಕೊಂಡು ಹೋಗಲಿ. ಬೇಗನೆ ತೊಟ್ಟಿಲು ತೂಗುವಂತಾಗಲಿ!"

ಚಪ್ಪಾಳೆ ನಿಲ್ಲಲೇ ಇಲ್ಲ. ಜರ್ಮನ್ ರೈಫಲನ್ನು ಒರೆಸಿ ವಧುವಿನಂತೆ ಅವರ ಪಕ್ಕದಲ್ಲಿ ನಿಲ್ಲಿಸಿದ. ಮೆಲಿಸ್ಸಾ ಹೊಸ ಡಿಪಿಗೆ ಫೋಟೋ ತೆಗೆದಳು.

ಕಟ್ ಮಾಡಲು ಮರೆತ ಫೋನು ಕಿಸೆಯೊಳಗಿಂದ ಮಾತಾಡಿತು. "ಎಲ್ಲ ಕೇಳಿಸಿತು. ಮಾತು ಒಳ್ಳೇದಾಯ್ತು," ಎಂದಳು ಗರ್ಟ್ರೂಡ್. "ಫೋನ್ ಇಡಿ ಈಗ. ಡ್ಯಾರಲ್‌ಗೆ ಪುನಃ ಫೋನ್ ಮಾಡ್ಬೇಕು."