ಅಲೆ ನುಂಗುವ ಕರಿ ಹಾಳೆ

ಇಂಗಾಲದ ಕೆಲಸದಲ್ಲಿ ಏನಾದರೊಂದು ಆಗುತ್ತಲೇ ಇರುತ್ತದೆ. ಮುಂಬಯಿ ಹತ್ತಿರದ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಸಣ್ಣ ಕಾರ್ಖಾನೆ. ಇಂಗಾಲದ ಪುಡಿ ಕಲಸಿದ ಲೇಪವನ್ನು ರಬ್ಬರ್ ಹಾಳೆಗೆ ಬಳಿಯುತ್ತೇವೆ. ಆ ಹಾಳೆ ಮೊಬೈಲ್, ರೇಡಿಯೊ ಅಲೆಗಳನ್ನು ಹೀರಿಕೊಳ್ಳಬೇಕು. ಆರ್ಡರ್ ಸಿಗದಿದ್ದರೆ ಬಾಗಿಲು ಹಾಕುತ್ತೇನೆ ಎಂದಿದ್ದ ಮಾಲೀಕ. ನಾನು ನಿವೃತ್ತನಾದ ಮೇಲೆ ಕೆಲಕಾಲ ಮನೆಯಲ್ಲಿ ಕೂತು ನೋಡಿ ಇಲ್ಲಿ ಸೇರಿದವನು. ಮತ್ತೆ ಹಾಗೆ ಕೂರಲಾಗದು.

೧. ಲೋಕಲ್

ಕಲ್ಯಾಣದಲ್ಲಿ ಪುಡಿಯ ಚೀಲ ಹೊತ್ತು ಲೋಕಲ್ ರೈಲು ಹತ್ತಿದೆ. ಕಾಲಿಡಲು ಜಾಗವಿಲ್ಲ. ಸರಿಯಿರಿ ಎಂದೆ. ಯಾರೂ ಅಲುಗಲಿಲ್ಲ. ಅಷ್ಟರಲ್ಲಿ ಚೀಲದ ಮೂಲೆ ಹರಿದು ಕರಿ ಪುಡಿ ಸುರಿಯಿತು. ಬಿಳಿ ಅಂಗಿಗಳೆಲ್ಲ ಗೋಡೆಗೆ ಅಂಟಿಕೊಂಡವು. ಇಡೀ ಬೆಂಚು ನನ್ನದಾಯಿತು.

ಇದನ್ನು ಕೇಳಿದ ಮಾಲೀಕ ಈಗ ಲೋಕಲ್‌ನಲ್ಲಿ ಠಾಣೆ ಊರಿಗೆ ಹೋಗುವಾಗಲೂ ಒಂದು ಕರಿ ಚೀಲ ಒಯ್ಯುತ್ತಾನೆ. ಒಳಗೆ ಟಿಫಿನ್ ಡಬ್ಬಿ.

೨. ಶುಕ್ರವಾರ

ಪೆಟ್ಟಿಗೆಯೊಳಗೆ ಎಲ್ಲ ಕಡೆ ಹಾಳೆ ಅಂಟಿಸಿ, ಮಾಲೀಕ ತನ್ನ ಫೋನ್ ಇಟ್ಟು ಮುಚ್ಚಿದ. ನಾನು ಆಫೀಸಿನ ಲ್ಯಾಂಡ್‌ಲೈನಿನಿಂದ ಕರೆ ಮಾಡಿದೆ. ಫೋನು ರಿಂಗಾಗಲಿಲ್ಲ.

"ಗೆದ್ದೆವು ಮಾರಾಯ್ರೆ!" ಎಂದ. ಕರಾವಳಿಯವ, ಬೇಗ ಕುಣಿಯುತ್ತಾನೆ. ಪೇಡೆ ತರಿಸಿದ. ತಿಂದೆವು.

"ಮುಚ್ಚಳ ತೆಗೆದು ಒಮ್ಮೆ ಕರೆ ಮಾಡಿ ನೋಡೋಣ" ಎಂದೆ.

ಆಗಲೂ ರಿಂಗಾಗಲಿಲ್ಲ. ಅಂದು ಶುಕ್ರವಾರ, ಎಂಐಡಿಸಿಗೆ ಕರೆಂಟ್ ಇಲ್ಲದ ದಿನ. ಪಕ್ಕದ ಮೊಬೈಲ್ ಟವರೂ ಸತ್ತಿತ್ತು.

"ಉಳಿದ ಪೇಡೆ ವಾಪಸ್ ತಗೊಳ್ತಾರಾ?" ಎಂದ.

೩. ಸ್ಯಾಂಪಲ್

ಕೊನೆಗೆ ನವಿ ಮುಂಬಯಿಯ ಕಂಪನಿಯೊಂದು ಸ್ಯಾಂಪಲ್ ಕೇಳಿತು. ಲೇಪ ಒಣಗಬೇಕು. ಎಂಐಡಿಸಿಯ ಗಾಳಿಯಲ್ಲಿ ಏನೇನು ಬಂದು ಕೂರುತ್ತದೋ ಎಂದು ಹೆದರಿ ಹಾಳೆಯನ್ನು ಠಾಕುರ್ಲಿಗೆ, ನಮ್ಮ ಮನೆಯ ಟೆರೇಸಿಗೆ ಒಯ್ದೆ.

ಸಂಜೆ ಹೋಗಿ ನೋಡಿದರೆ ಅದರ ತುಂಬ ಸಂಡಿಗೆ.

"ಕರಿ ಹಾಳಿ ಛಲೋ ಕಾಯ್ತದರೀ" ಎಂದಳು ಹೆಂಡತಿ. "ಒಂದ ಬಿಸಿಲಿಗೆ ಒಣಗ್ಯಾವ."

ಸಂಡಿಗೆ ಕಿತ್ತೆ. ಸಾಲಾಗಿ ಬಿಳಿ ಗುರುತುಗಳು ಉಳಿದವು. ಬೇರೆ ಹಾಳೆ ಮಾಡಲು ಹೊತ್ತಿಲ್ಲ. ಹಾಗೇ ಒಯ್ದೆವು. ಪರೀಕ್ಷೆಯಲ್ಲಿ ಪಾಸಾಯಿತು.

"ಕಾಕಾ, ಯೆ ಸಫೇದ್ ಕ್ಯಾ ಹೈ?" ಎಂದು ಅಲ್ಲಿಯ ಇಂಜಿನಿಯರ್ ಬಿಳಿ ಗುರುತು ತೋರಿಸಿ ಇದೇನೆಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಮಾಲೀಕ ಹೇಳಿದ: "ಸೀಕ್ರೆಟ್ ಪ್ರೋಸೆಸ್."

ಆರ್ಡರ್ ಬಂತು. ಮೊದಲ ಲಾಟು ಹೋಯಿತು, ಅಷ್ಟೂ ತಿರುಗಿ ಬಂತು. ಬಿಳಿ ಗುರುತು ಇಲ್ಲ, ಸ್ಯಾಂಪಲ್‌ನಂತೆ ಇಲ್ಲ ಎಂದರು.

"ಮಾರಾಯ್ರೆ, ನಿಮ್ಮ ಮನೆಯವರನ್ನು ಕೂಡ್ಲೆ ಕರ್ಕೊಂಡು ಬನ್ನಿ" ಎಂದ ಮಾಲೀಕ.

ಬಂದಳು. ನನ್ನ ಕುರ್ಚಿಯಲ್ಲಿ ಕೂತು ಸಂಡಿಗೆ ಹಿಟ್ಟು ಕಲಸಿದಳು. ನಾನು ಆಚೆ ಈಚೆ ತಿರುಗುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಏನ್ರೀ, ಸುಮ್ಮ ಅಡ್ಡಾಡ್ತೀರಿ. ಇಲ್ಲೇನೈತಿ ನಿಮಗ ಕೆಲಸ? ಮನಿಗೆ ಹೋಗ್ರಿ."