ಕಪ್ಪುಪಟ್ಟಿಯಲ್ಲಿ ಇಲ್ಲದವರು

ಮಗಳ ಎಡಜಡೆ ಮುಗಿಸಿ, ಬಲಜಡೆಗೆಂದು ಕೂದಲನ್ನು ಮೂರು ಪಾಲು ಮಾಡಿ ಹಿಡಿದುಕೊಂಡಿದ್ದಾಗಲೇ ಫೋನು ಬಡಿದುಕೊಂಡಿತು. ಕೂದಲು ಬಿಟ್ಟರೆ ಮೊದಲಿನಿಂದ ಬಾಚಬೇಕು, ಬಿಡದಿದ್ದರೆ ಫೋನು ಸುಮ್ಮನಾಗುವುದಿಲ್ಲ. ಅಪ್ಪನ ಒದ್ದಾಟ ನೋಡಲಾರದೆ ಮಗಳೇ ಕೈ ಚಾಚಿ ಫೋನನ್ನು ಅವನ ಕಿವಿಗೆ ಹಿಡಿದಳು.

"ಎಲ್ಲಿದೀರಾ?" ಹೆಡ್ ಕ್ಲರ್ಕ್ ದನಿ. "ಬೇಗ ಬನ್ನಿ. ಸೇತುವೆ ಫೈಲು ಇವತ್ತೇ ಹೋಗ್ಬೇಕು. ಸಾಯಂಕಾಲದೊಳಗೆ ಗುತ್ತಿಗೆ ಕರಾರು ಆಗ್ಲಿಲ್ಲ ಅಂದ್ರೆ ಕೇಂದ್ರದ ಅನುದಾನ ವಾಪಸ್ಸು. ನಿಮ್ದೊಂದೇ ಸಹಿ ಬಾಕಿ."

"ಜಡೆ ಹಾಕ್ತಿದೀನಿ ಸಾರ್."

"ಯಾರಿಗೆ, ನಿಮಗಾ? ಓಡಿ ಬನ್ರೀ!"

ಹೆಂಡತಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ಅವಳು ಮನೆಯಲ್ಲಿದ್ದಿದ್ದರೆ ಹೀಗೆ ಬಿಡುತ್ತಿರಲಿಲ್ಲ. ಅಂತೂ ಮಗಳು ಒಂದು ಕಡೆ ಜಡೆ, ಇನ್ನೊಂದು ಕಡೆ ಬರೀ ರಿಬ್ಬನ್ ಗಂಟು ಹಾಕಿಕೊಂಡು ಶಾಲೆಗೆ ಹೊರಟಳು.

ಅವನು ಪುರಸಭೆಯ ಲೆಕ್ಕಪತ್ರ ವಿಭಾಗದ ಗುಮಾಸ್ತ. ಉದ್ದಕ್ಕೆ, ಸಣ್ಣಗೆ, ನೆಟ್ಟಗೆ ಇದ್ದುದರಿಂದ ಕಚೇರಿಯವರು ಅವನಿಗೆ ರೂಲುದೊಣ್ಣೆ ಎಂದು ಹೆಸರಿಟ್ಟಿದ್ದರು. ನೆಟ್ಟಗಿದ್ದದ್ದು ನೋಟಕ್ಕೆ ಮಾತ್ರ. ಸಹಿಯ ವಿಷಯ ಬಂದರೆ ಅವನಷ್ಟು ಬಾಗುವವರು ಆ ಕಟ್ಟಡದಲ್ಲೇ ಇರಲಿಲ್ಲ. ಯಾರು ಎಲ್ಲಿ ಬೆರಳಿಟ್ಟು ತೋರಿಸಿದರೆ ಅಲ್ಲಿ ಹಾಕುತ್ತಿದ್ದ.

ಶಾಲೆ ಇದ್ದದ್ದು ಕಾಲುವೆಯ ಆಚೆ. ಹಳೆಯ ಸೇತುವೆ ಕೊಚ್ಚಿಹೋದ ಮೇಲೆ ಎರಡು ಹಲಗೆ ಹಾಸಿ, ಪಕ್ಕಕ್ಕೊಂದು ಹಗ್ಗ ಕಟ್ಟಿ ಬಿಟ್ಟಿದ್ದರು. ದಿನವೂ ಅಕ್ಕಪಕ್ಕದ ಮಕ್ಕಳ ಜೊತೆ ದಾಟುವ ಮಗಳನ್ನು ಅವತ್ತು ಅವನೇ ಕೈಹಿಡಿದು ದಾಟಿಸುತ್ತಿದ್ದ. ನಡುವೆ ಬಂದಾಗ ಹಲಗೆ ನರಳಿತು. ತಿರುಗಿ ನೋಡಿದರೆ ಹುಡುಗಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಾಳೆ.

"ಅಯ್ಯಯ್ಯೋ, ಕಣ್ಣು ಬಿಡು ಪುಟ್ಟೀ!"

"ಬಿಟ್ರೆ ನೀರು ಕಾಣುತ್ತಪ್ಪಾ. ಮುಚ್ಕೊಂಡ್ರೆ ಏನೂ ಇರಲ್ಲ."

"ದಿನಾ ಹೀಗೇ ದಾಟ್ತೀಯಾ?"

"ಎಲ್ರೂ ಹೀಗೇ ದಾಟೋದು."

ಆ ಮಾತು ಅವನ ಜೊತೆಗೇ ಕಚೇರಿಯವರೆಗೂ ಬಂತು.

ಫೈಲು ಅವನ ಮೇಜಿನ ಮೇಲೆ ಬಾಯಿ ತೆರೆದು ಕಾಯುತ್ತಿತ್ತು. ‘ಗುತ್ತಿಗೆದಾರರ ಅರ್ಹತೆಯನ್ನು ಪರಿಶೀಲಿಸಲಾಗಿದೆ’ ಎಂಬ ಸಾಲಿನ ಕೆಳಗೆ ಮುಖ್ಯಾಧಿಕಾರಿಯ ಸಹಿ, ಹೆಡ್ ಕ್ಲರ್ಕ್ ಸಹಿ, ಪಕ್ಕದಲ್ಲಿ ಅವನಿಗಾಗಿ ಬಿಟ್ಟ ಜಾಗ.

"ಪರಿಶೀಲನೆ ಯಾರು ಮಾಡಿದ್ದು ಸಾರ್?"

"ನೀವೇ," ಎಂದರು ಹೆಡ್ ಕ್ಲರ್ಕ್.

"ನಾನಾ? ಯಾವಾಗ?"

"ಈಗ ಸಹಿ ಹಾಕ್ತೀರಲ್ಲ, ಆವಾಗ."

ಅವನು ಪೆನ್ನಿನ ಮುಚ್ಚಳ ತೆಗೆಯದೆ ನಿಂತದ್ದನ್ನು ಕಂಡು ಹೆಡ್ ಕ್ಲರ್ಕ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಚಿಕ್ಕ ಮಗುವಿಗೆ ಮಗ್ಗಿ ಹೇಳಿಕೊಡುವಷ್ಟು ತಾಳ್ಮೆ ಅವರಿಗೆ. "ನೋಡಿ, ಮುಖ್ಯಾಧಿಕಾರಿಗಳು ನನ್ನ ಸಹಿ ಇದೆ ಅಂತ ಹಾಕಿದ್ರು. ನೀವು ಹೇಗೂ ಹಾಕ್ತೀರಲ್ಲ ಅಂತ ನಾನು ಹಾಕ್ದೆ. ನಮ್ಮಿಬ್ಬರದೂ ಇದೆ ಅಂತ ನೀವು ಹಾಕಿ. ಮೂರು ಜನ ನೋಡಿದ ಹಾಗಾಯ್ತಲ್ಲ?"

ಬೇರೆ ದಿನವಾಗಿದ್ದರೆ ಆಗಿಯೇ ಹೋಗುತ್ತಿತ್ತು. ಅವತ್ತು ಅವನ ಕಣ್ಣೆದುರು ಮುಚ್ಚಿದ ಎರಡು ಪುಟ್ಟ ರೆಪ್ಪೆಗಳಿದ್ದವು.

"ಒಂದ್ನಿಮಿಷ ಸಾರ್. ಕಪ್ಪುಪಟ್ಟಿ ನೋಡ್ಬಿಡ್ತೀನಿ."

ಕೋಣೆಯಲ್ಲಿ ಯಾರೋ ಪಿಂಗಾಣಿ ತಟ್ಟೆ ಕೈಬಿಟ್ಟಂತೆ ಎಲ್ಲರೂ ತಿರುಗಿದರು. ಕೇಂದ್ರದ ದುಡ್ಡಿನಲ್ಲಿ ಕೆಲಸ ಕೊಡುವ ಮುಂಚೆ, ಆ ಗುತ್ತಿಗೆದಾರನನ್ನು ಸರ್ಕಾರಿ ಕೆಲಸದಿಂದ ಹೊರಗಿಟ್ಟಿದ್ದಾರೆಯೇ ಎಂದು ನೋಡಬೇಕು. ಹೊರಗಿಟ್ಟವರ ಹೆಸರೆಲ್ಲ ಕೇಂದ್ರದ ಜಾಲತಾಣದಲ್ಲಿದೆ. ಕಂಪನಿಯ ಹೆಸರು ಟೈಪ್ ಮಾಡಿದರೆ ಸಾಕು, ಅದೇ ಹೇಳುತ್ತದೆ. ನಿಯಮ ಎಲ್ಲರಿಗೂ ಬಾಯಿಪಾಠ. ಟೈಪ್ ಮಾಡಿದವರು ಮಾತ್ರ ಯಾರೂ ಇಲ್ಲ.

ಇಂಟರ್ನೆಟ್ ಇದ್ದ ಒಂದೇ ಕಂಪ್ಯೂಟರು ಟೈಪಿಸ್ಟ್ ಮೇಡಂ ಮುಂದೆ ಇತ್ತು. ಅವರು ಏಳಲಿಲ್ಲ.

"ಯಾಕ್ರೀ ಇಲ್ಲದ ಉಸಾಬರಿ? ನೋಡಿದ್ರೆ ತಾನೇ ಕಾಣೋದು?"

"ಕಾಣ್ಲಿ ಅಂತಾನೇ ಮೇಡಂ."

"ಕಂಡ್ಮೇಲೆ ಏನ್ಮಾಡ್ತೀರಿ?"

ಅವನು ನಿಂತಲ್ಲಿಂದಲೇ ಬಗ್ಗಿ ಕೀಲಿಮಣೆಗೆ ಕೈ ಚಾಚಿದ. ಜಾಲತಾಣ ತೆರೆಯುವಾಗ ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಕುಣಿಯುವ ಕೋಡಂಗಿಯನ್ನು ನೋಡಲು ಸೇರುವ ಹಾಗೆ ಜನ ಬೆನ್ನ ಹಿಂದೆ ಸೇರಿದರು. ಕೊನೆಗೆ ಕೆಂಪಕ್ಷರ ಮೂಡಿತು. ಅತಿ ಕಡಿಮೆ ದರ ಬರೆದಿದ್ದ ಗುತ್ತಿಗೆದಾರ ಮೂರು ವರ್ಷದ ಮಟ್ಟಿಗೆ ಹೊರಗೆ. ಕಾರಣ, ಇನ್ನೊಂದು ಊರಿನಲ್ಲಿ ಅವನು ಕಟ್ಟಿದ ಸೇತುವೆ ಕುಸಿತ.

"ನೋಡಿದ್ರಾ?" ಎಂದರು ಟೈಪಿಸ್ಟ್ ಮೇಡಂ. "ನಾನು ಹೇಳ್ಲಿಲ್ವಾ, ಕಾಣುತ್ತೆ ಅಂತ?"

ಸುದ್ದಿ ಹೋದದ್ದೇ ತಡ ಗುತ್ತಿಗೆದಾರನೇ ಬಂದ. ಸದಾ ನಗುವ ಮನುಷ್ಯ. ಬೈದರೂ ನಗು, ಬಿಲ್ಲು ತಡವಾದರೂ ನಗು. ಎಲ್ಲರೂ ಅವನನ್ನು ನಗುಮೊಗದವ ಎಂದೇ ಕರೆಯುತ್ತಿದ್ದರು.

"ಸೇತುವೆ ಬಿದ್ದಿಲ್ಲ ಸಾರ್. ಕೂತಿದೆ."

"ಕೂತಿದೆ ಅಂದ್ರೆ?" ರೂಲುದೊಣ್ಣೆ ಕೇಳಿದ.

"ದಣಿವಾಗಿರುತ್ತಲ್ಲ, ಒಂದು ಕಡೆ ಸ್ವಲ್ಪ ಕೂತಿದೆ. ಜನ ಈಗ್ಲೂ ಓಡಾಡ್ತಾರೆ."

"ಹೇಗೆ ಓಡಾಡ್ತಾರೆ?"

"ಹೋಗೋವಾಗ ಇಳಿಜಾರು ಸಾರ್, ಸಲೀಸು. ಬರೋವಾಗ ಸ್ವಲ್ಪ ಏರು."

ಎಲ್ಲರೂ ನಕ್ಕರು. ರೂಲುದೊಣ್ಣೆ ನಗಲಿಲ್ಲ. ಅವನನ್ನು ಮುಖ್ಯಾಧಿಕಾರಿಯ ಕೋಣೆಗೆ ಕರೆದೊಯ್ದರು. ಮುಖ್ಯಾಧಿಕಾರಿ ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಯಾರಿಗೋ ಕಾದಿದೆ ಎಂದೇ ಅರ್ಥ.

"ಏನಪ್ಪಾ, ದುಡ್ಡು ವಾಪಸ್ ಹೋದ್ರೆ ಮಕ್ಕಳು ಆ ಹಲಗೆ ಮೇಲೇ ಓಡಾಡ್ಬೇಕು. ನಿಮ್ಮ ಮಗಳೂ ಅಲ್ಲೇ ಅಲ್ವಾ ಓದೋದು?"

"ಹೌದು ಸಾರ್."

"ಮತ್ತೆ?"

"ಅದಕ್ಕೇ ಸಾರ್, ಹಾಕಲ್ಲ."

ಹೇಳಿದ್ದು ತಾನೇ ಎಂದು ಅವನಿಗೆ ಗೊತ್ತಾದದ್ದು, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡ ಮೇಲೆ. ಕೆಲಸ ಹೋಗಬಹುದು, ದೂರದ ಯಾವುದೋ ಕೊಂಪೆಗೆ ವರ್ಗ ಆಗಬಹುದು, ಹೆಂಡತಿಗೆ ಏನು ಹೇಳುವುದು. ಆದರೂ ಪೆನ್ನನ್ನು ಜೇಬಿಗೆ ಹಾಕಿಕೊಂಡ. ಬದುಕಿನಲ್ಲಿ ಮೊದಲ ಸಲ ಅವನು ನೋಡಿದವರಿಗೆ ಹೇಗೆ ಕಾಣುತ್ತಿದ್ದನೋ ಹಾಗೆಯೇ ನೆಟ್ಟಗೆ ನಿಂತಿದ್ದ.

ನಗುಮೊಗದವ ಫೋನು ಹಿಡಿದು ಅಂಗಳಕ್ಕೆ ಹೋದ. ಹಿಂತಿರುಗುವಾಗ ಅವನ ನಗು ಇನ್ನೊಂದು ಅಂಗುಲ ಅಗಲವಾಗಿತ್ತು. ಹೆಡ್ ಕ್ಲರ್ಕ್ ಕಿವಿಯಲ್ಲಿ ಏನೋ ಹೇಳಿದ. ಹೆಡ್ ಕ್ಲರ್ಕ್ ಮುಖ್ಯಾಧಿಕಾರಿಯ ಕಿವಿಯಲ್ಲಿ ಹೇಳಿದರು. ಮುಖ್ಯಾಧಿಕಾರಿ ಕನ್ನಡಕ ಹಾಕಿಕೊಂಡರು.

"ನೀವು ಹೇಳೋದೇ ಸರಿ ಕಣ್ರೀ. ನಿಯಮ ಅಂದ್ರೆ ನಿಯಮ. ಎರಡನೇ ದರ ಬರೆದವರು ಇದಾರಲ್ಲ, ಅವರನ್ನ ನೋಡಿ. ಕಪ್ಪುಪಟ್ಟಿಯಲ್ಲಿ ಇಲ್ಲ ಅಂದ್ರೆ ಅವರಿಗೇ ಕೊಡೋಣ. ಸ್ವಲ್ಪ ಜಾಸ್ತಿ ಆಗುತ್ತೆ, ಆಗ್ಲಿ. ಮಕ್ಕಳ ವಿಷಯ."

ಆಮೇಲೆ ಕಚೇರಿಯೇ ಬದಲಾಯಿತು. ಟೈಪಿಸ್ಟ್ ಮೇಡಂ ತಾವಾಗಿಯೇ ಎದ್ದು ಕುರ್ಚಿಯ ದೂಳು ಕೊಡವಿದರು. ಫ್ಯಾನು ಅವನ ಕಡೆ ತಿರುಗಿತು. ಟೀ ಲೋಟದಲ್ಲಲ್ಲ, ಕಪ್-ಸಾಸರಿನಲ್ಲಿ ಬಂತು. ಹೆಡ್ ಕ್ಲರ್ಕ್ ಬಂದವರಿಗೆಲ್ಲ "ನಮ್ಮ ಕಚೇರೀಲಿ ಇಂಥೋರೂ ಇದಾರೆ ನೋಡಿ" ಎನ್ನತೊಡಗಿದರು. ಯಾಕಪ್ಪಾ ಇವರೆಲ್ಲ ಇದ್ದಕ್ಕಿದ್ದಂತೆ ಇಷ್ಟು ಒಳ್ಳೆಯವರಾದರು ಎಂದು ಒಂದು ಗಳಿಗೆ ಯೋಚಿಸಬಹುದಿತ್ತು. ಹೊಗಳಿಸಿಕೊಂಡು ಅಭ್ಯಾಸವಿಲ್ಲದ ಪಾಪದ ಮನುಷ್ಯ, ಟೀ ಕುಡಿದ.

ಎರಡನೇ ಕಂಪನಿಯ ಒಡತಿ ಆ ಟೀ ಮುಗಿಯುವುದರೊಳಗೆ ಆಟೋದಲ್ಲಿ ಬಂದಿಳಿದರು. ಬೆಳ್ಳಿಕೂದಲಿನ ವಯಸ್ಸಾದ ಹೆಂಗಸು, ತೋಳಿನಲ್ಲಿ ದಿಂಬಿನಷ್ಟು ದೊಡ್ಡ ಚೀಲ. ಅದರಿಂದ ಕಾಗದಪತ್ರ, ಫೋಟೊ, ಮೊಹರು, ಮೊಹರಿನ ಶಾಯಿ ಕೂಡ ಹೊರಬಂದವು. ಕರೆ ಹೋಗಿ ಅರ್ಧ ಗಂಟೆಯೂ ಆಗಿರಲಿಲ್ಲ.

"ಪಾಪ, ಒಬ್ಬನೇ ಇಷ್ಟೊಂದು ಕೆಲಸ ಮಾಡ್ತೀಯೇನಪ್ಪಾ?" ಎಂದು ಅವರು ಅವನನ್ನೇ ಕೇಳಿದರು. ಆ ಕಚೇರಿಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿದವರಲ್ಲ. "ಮಕ್ಕಳೆಷ್ಟು?"

"ಒಬ್ಬಳೇ ಮಗಳಮ್ಮಾ. ಆ ಸೇತುವೆ ಆಚೆ ಶಾಲೇಲೇ ಓದ್ತಾಳೆ."

"ಹೌದಾ? ಹಾಗಾದ್ರೆ ನನ್ನ ಮೊಮ್ಮಗಳಿಗೇ ಕಟ್ಟಿಸ್ತೀನಿ ಅಂದ್ಕೋ."

"ಮುಂಚೆ ಸೇತುವೆ ಕೆಲಸ ಮಾಡ್ಸಿದೀರಾ ಅಮ್ಮಾ?"

"ಅದೆಲ್ಲ ನೋಡ್ಕೊಳ್ಳೋಕೆ ಮನೇಲೇ ಜನ ಇದಾರಪ್ಪಾ. ನೀನು ನಿನ್ನ ಕೆಲಸ ಸರಿಯಾಗಿ ನೋಡು."

ಅವನು ಅವರ ಕಂಪನಿಯ ಹೆಸರು ಟೈಪ್ ಮಾಡಿದ. ಚಕ್ರ ತಿರುಗಿ ನಿಂತಿತು. ಕೆಂಪಕ್ಷರವಿಲ್ಲ, ಏನೂ ಇಲ್ಲ. ಇನ್ನೊಮ್ಮೆ ನೋಡಿದ, ಮತ್ತೊಮ್ಮೆ ನೋಡಿದ. ಕಂಪನಿ ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ, ಒಂದು ಚರಂಡಿಯನ್ನೂ ಕಟ್ಟಿರಲಿಲ್ಲ. ಕಳಂಕ ಎಲ್ಲಿಂದ ಬರಬೇಕು? ಯಾರೂ ಬರೆಯದ ಸ್ಲೇಟನ್ನು ಅವನು ಶುಭ್ರವಾಗಿ ತೊಳೆದ ಸ್ಲೇಟು ಅಂದುಕೊಂಡ. ಕಚೇರಿ ಮುಚ್ಚುವ ಮುಂಚೆ, ತಾನು ಏನು ಓದಿದ್ದೇನೆ ಎಂದು ತಿಳಿದು, ದುಂಡಗೆ ಸಹಿ ಹಾಕಿದ. ಅಷ್ಟು ಚೆಂದದ ಸಹಿಯನ್ನು ಅವನು ತನ್ನ ಮದುವೆಯ ನೋಂದಣಿಯಲ್ಲೂ ಹಾಕಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ನಗುಮೊಗದವ ಕೈಕುಲುಕಿದ. "ನಿಮ್ಮಂಥೋರು ಇರ್ಬೇಕು ಸಾರ್."

ರೂಲುದೊಣ್ಣೆಗೆ ಪಿಚ್ಚೆನಿಸಿತು. ಕೆಲಸ ಕಳೆದುಕೊಂಡೂ ನಗುತ್ತಾನಲ್ಲ. "ಬೇಜಾರು ಮಾಡ್ಕೋಬೇಡಿ. ಮೂರು ವರ್ಷ ಹೇಗೋ ಕಳೆಯುತ್ತೆ," ಎಂದು ಭುಜ ತಟ್ಟಿದ.

"ಕಳೆಯುತ್ತೆ ಸಾರ್, ಕಳೆಯುತ್ತೆ."

ಮನೆಗೆ ಬಂದವನು ಚಪ್ಪಲಿ ಬಿಡುವ ಮುಂಚೆಯೇ ಕಥೆ ಶುರುಮಾಡಿದ. ಹೆಂಡತಿ ಬಟ್ಟೆ ಮಡಚುತ್ತಾ ಕೇಳಿದಳು. ಮಗಳು ಹತ್ತಿರ ಬಂದು ಕೂತಳು. ‘ಹಾಕಲ್ಲ’ ಎಂದ ಜಾಗವನ್ನು ಎರಡು ಸಲ ಹೇಳಿದ, ಎರಡನೆಯ ಸಲ ಮೇಜು ಕುಟ್ಟಿ ತೋರಿಸಿದ.

"ನೀವಾ? ಮುಖ್ಯಾಧಿಕಾರಿ ಮುಂದೆ?" ಹೆಂಡತಿಯ ಕೈಯಲ್ಲಿ ಅಂಗಿ ಹಾಗೇ ನಿಂತಿತು.

"ನಾನೇ. ನಡೀರಿ, ಸೇತುವೆ ಬರೋ ಜಾಗ ನೋಡ್ಕೊಂಡು ಬರೋಣ."

ಮೂವರೂ ಕಾಲುವೆಯ ಹತ್ತಿರ ಬರುವಾಗ ಇನ್ನೂ ಬೆಳಕಿತ್ತು. ಲಾರಿಯೊಂದು ಆಗಲೇ ಮರಳು ಸುರಿಯುತ್ತಿತ್ತು. ಅವನ ಎದೆ ಉಬ್ಬಿತು. ಸರ್ಕಾರಿ ಕೆಲಸ ಸಹಿಯಾದ ದಿನವೇ ಶುರುವಾದದ್ದನ್ನು ಯಾರಾದರೂ ಕಂಡಿದ್ದಾರೆಯೇ? ಮರಳಿನ ಗುಡ್ಡೆಯ ಹಿಂದಿನಿಂದ ಅಳತೆಯ ಟೇಪು ಸುತ್ತುತ್ತಾ ಒಬ್ಬ ಹೊರಬಂದ. ಬರುವ ಮುಂಚೆಯೇ ಅವನ ನಗು ಬಂದಿತ್ತು.

"ಬನ್ನಿ ಸಾರ್, ಬನ್ನಿ!"

"ನೀವು... ಇಲ್ಲಿ?"

"ಅತ್ತೆಯೋರ ಕೆಲಸ ಸಾರ್. ವಯಸ್ಸಾದೋರು, ಬಿಸಿಲಲ್ಲಿ ನಿಲ್ಲೋಕಾಗುತ್ತಾ? ಅಳಿಯ ಅಂತ ನಾನಿರೋದು ಯಾಕೆ ಮತ್ತೆ?"

ರೂಲುದೊಣ್ಣೆ ಮರಳಿನ ಗುಡ್ಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಸಾರ್. ನನ್ನ ಹೆಸರಲ್ಲಿ ಬರೆದದ್ದು ತೀರಾ ಕಡಿಮೆ ದರ, ಗಿಟ್ಟುತ್ತಿರಲಿಲ್ಲ. ಅತ್ತೆಯೋರದು ಪರವಾಗಿಲ್ಲ." ಅವನು ದನಿ ತಗ್ಗಿಸಿದ. "ಇದೂ ಎಲ್ಲಾದ್ರೂ ಸ್ವಲ್ಪ ಕೂತ್ರೆ, ಮುಂದಿನ ಕಂಪನಿಗೆ ನಾದಿನಿ ಇದಾಳೆ. ನೀವು ಚಿಂತೆ ಮಾಡ್ಬೇಡಿ."

ಲಾರಿಯವನು ಕೂಗಿದ್ದಕ್ಕೆ ಅವನು ಅತ್ತ ಹೋದ. ಹೆಂಡತಿ ಗಂಡನ ಹತ್ತಿರ ಸರಿದಳು. ಅವಳ ದನಿಯಲ್ಲಿ ಬೈಗುಳವಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

"ರೀ, ಬೆಳ್ಳಿಕೂದಲು, ದೊಡ್ಡ ಚೀಲ, ಅವರೇನಾ? ನಮ್ಮ ಆಸ್ಪತ್ರೆಗೆ ಬಿ.ಪಿ. ನೋಡಿಸ್ಕೊಳ್ಳೋಕೆ ಬರ್ತಾರೆ. ಇವನೇ ಕರ್ಕೊಂಡು ಬರೋದು. ನನಗೊಂದು ಫೋನ್ ಮಾಡಿದ್ರೆ ಹೇಳ್ತಿದ್ನಲ್ರೀ."

"ನಿಂಗೆ ಗೊತ್ತಿತ್ತಾ?"

"ಅಳಿಯ ಅತ್ತೆ ಅನ್ನೋದು ಯಾರಿಗೆ ಗೊತ್ತಿಲ್ಲ? ನಿಮ್ಮ ಹೆಡ್ ಕ್ಲರ್ಕ್ ಹೆಂಡತೀನೇ ನನಗೆ ಹೇಳಿದ್ದು."

ಕಪ್-ಸಾಸರು, ತಿರುಗಿದ ಫ್ಯಾನು, ದೂಳು ಕೊಡವಿದ ಕುರ್ಚಿ ಒಂದೊಂದಾಗಿ ಅವನ ಕಣ್ಣ ಮುಂದೆ ಹಾದುಹೋದವು. ದೂರದ ರಾಜಧಾನಿಯ ಯಂತ್ರವನ್ನು ಮೂರು ಸಲ ಕೇಳಿದ್ದ. ಪಕ್ಕದಲ್ಲಿ ಮಲಗುವವಳನ್ನು ಒಂದು ಸಲ ಕೇಳಲಿಲ್ಲ. ನಾಳೆ ಹೋಗಿ, ತಪ್ಪಾಯಿತು, ಇಬ್ಬರೂ ಒಂದೇ ಮನೆಯವರು ಎಂದು ಬರೆದುಕೊಡಬಹುದು. ಬರೆದರೆ ಗುತ್ತಿಗೆ ರದ್ದು, ಗಡುವು ಮುಗಿದಿರುವ ಅನುದಾನ ವಾಪಸ್ಸು, ಹಲಗೆ ಇದ್ದಲ್ಲೇ. ಬರೆಯದಿದ್ದರೆ ಸೇತುವೆ ಬರುತ್ತದೆ, ಅವನ ದುಂಡನೆಯ ಸಹಿಯ ಮೇಲೆ. ಮುಂಚಿನ ಹಾಗೆ ನೋಡದೆ ಸಹಿ ಹಾಕಿದ್ದರೆ ಇದೇ ಮನುಷ್ಯ ಇದೇ ಮರಳಿನಲ್ಲಿ, ಇನ್ನೂ ಕಡಿಮೆ ದುಡ್ಡಿಗೆ ಕಟ್ಟುತ್ತಿದ್ದ. ತಾನು ಅವತ್ತು ಹೆದರುತ್ತಲೇ ನಿಂತು ಉಳಿಸಿಕೊಂಡದ್ದಾದರೂ ಏನು?

ನಗುಮೊಗದವ ದೂರದಿಂದಲೇ ಕೈಬೀಸಿದ. "ಏನ್ ಪುಟ್ಟೀ, ಖುಷೀನಾ? ನಿಮ್ಮಪ್ಪ ನಿಂಗೋಸ್ಕರ ಸೇತುವೆ ತಂದ್ರು ನೋಡು!"

ದೊಡ್ಡವರ ಮಾತಿನಲ್ಲಿ ಎಷ್ಟು ಅರ್ಥವಾಗಿತ್ತೋ ಏನೋ, ಮಗಳು ಅಷ್ಟು ಹೊತ್ತೂ ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ನಿಂತಿದ್ದಳು. ಆಮೇಲೆ ಮರಳಿನ ಗುಡ್ಡೆಯ ಕಡೆ ನೋಡಿದಳು. ನೀರಿನ ಮೇಲಿನ ಹಲಗೆಗಳ ಕಡೆ ನೋಡಿದಳು. ಕೊನೆಗೆ ಅಪ್ಪನ ಬೆರಳು ಹಿಡಿದು ಜಗ್ಗಿ, ಎಲ್ಲರಿಗೂ ಕೇಳುವ ಹಾಗೆ ಕೇಳಿಯೇಬಿಟ್ಟಳು:

"ಅಪ್ಪಾ, ಸೇತುವೆ ಆದ್ಮೇಲೆ ನಾನು ಅದ್ರ ಮೇಲೆ ಹೋಗ್ಲಾ, ಹಲಗೆ ಮೇಲೇ ಹೋಗ್ಲಾ?"