ಶೇಂಗಾ ಬಯಲಿನ ಆಕ್ರಮಣಕಾರಿ ಆಟ

ನಮ್ಮ ಚಳ್ಳಕೆರೆ ಫುಟ್‌ಬಾಲ್ ತಂಡಕ್ಕೆ ಸೋಲಲು ಎದುರಾಳಿ ಬೇಕೇಬೇಕು ಅಂತೇನಿರಲಿಲ್ಲ; ಆ ಕೆಲಸವನ್ನು ನಾವೇ ಅಚ್ಚುಕಟ್ಟಾಗಿ ಮಾಡಿಕೊಳ್ಳುತ್ತಿದ್ದೆವು. ತೊಂಬತ್ತರ ದಶಕದ ಕೊನೆಯ ಮಾತು. ನಾವೆಲ್ಲ ಎಣ್ಣೆ ಮಿಲ್ಲಿನ ಹಮಾಲರು, ನಾನು ಗೋಲ್‌ಕೀಪರ್. ಮಿಲ್ಲಿನ ಹಿಂದಿನ ಬಯಲೇ ಮೈದಾನ. ಅದರ ರಸ್ತೆ ಕಡೆಯ ಭಾಗದಲ್ಲಿ ಮಿಲ್ಲಿನ ಸಾಹುಕಾರರ ಶೇಂಗಾ ಒಣಗುತ್ತಿತ್ತು, ಮಿಕ್ಕ ಭಾಗದಲ್ಲಿ ನಾವು ಒಣಗುತ್ತಿದ್ದೆವು. ಶೇಂಗಾ ತುಳಿದರೆ ಕೆಲಸಕ್ಕೇ ಸಂಚಕಾರ.

ಆ ವರ್ಷ ಸಾಹುಕಾರರು ದೊಡ್ಡ ಮನಸ್ಸು ಮಾಡಿದರು. ಮೊಳಕಾಲ್ಮೂರಿನವರನ್ನು ಸೋಲಿಸಿದರೆ ಬಯಲೆಲ್ಲ ನಿಮಗೆ, ಸೋತರೆ ಬಯಲೆಲ್ಲ ಶೇಂಗಾಕ್ಕೆ ಅಂದರು. ಹೆದರಿದ ನಾವು, ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದ ಪಿ.ಟಿ. ಮೇಷ್ಟ್ರನ್ನು ಕೋಚ್ ಮಾಡಿಕೊಂಡೆವು.

೧. ಎಲ್ಲರೂ ಮುಂದಕ್ಕೆ

ಅಲ್ಲಿಯವರೆಗೆ ನಮ್ಮ ಆಟ ಸರಳ: ಚೆಂಡನ್ನು ಜೋರಾಗಿ ಒದ್ದು, ಎಲ್ಲಿಗೆ ಹೋಯಿತೆಂದು ನಿಂತು ನೋಡುವುದು. ಮೇಷ್ಟ್ರಿಗೆ ಅದು ಹಿಡಿಸಲಿಲ್ಲ. ಇನ್ನು ಆಕ್ರಮಣಕಾರಿ ಆಟ, ಎಲ್ಲರೂ ಮುಂದಕ್ಕೆ ನುಗ್ಗಬೇಕು ಅಂದರು. ಹೇಳಿದ ಮಾತು ಕೇಳುವ ಜನ ನಾವು. ಎಲ್ಲರೂ ನುಗ್ಗಿದೆವು, ನಾನೂ ಸೇರಿ. ಖಾಲಿ ಗೋಲಿನೊಳಗೆ ಚೆಂಡು ಆರಾಮಾಗಿ ಉರುಳಿ ಹೋದ ಮೇಲೆ, ನೀನ್ಯಾಕಪ್ಪಾ ಬಂದೆ ಅಂತ ಮೇಷ್ಟ್ರು ಕೇಳಿದರು.

"ಎಲ್ರೂ ಅಂದ್ರಲ್ಲ ಸಾರ್. ನಾನೊಬ್ನೇ ಉಳಿದ್ರೆ ಸೋಂಬೇರಿ ಅಂತೀರಿ" ಅಂದೆ.

೨. ಗುಟ್ಟಿನ ಭಾಷೆ

ಅಭ್ಯಾಸದ ಆಟಕ್ಕೆ ಮೊಳಕಾಲ್ಮೂರಿಗೇ ಹೋದೆವು. ಅಲ್ಲಿಯವರೆಲ್ಲ ಮನೆಯಲ್ಲಿ ರೇಷ್ಮೆ ಸೀರೆ ನೇಯುವವರು. ಚೆಂಡು ಯಾರಿಗೆ ಕೊಡುತ್ತೀರೆಂದು ಎದುರಾಳಿಗೆ ತಿಳಿಯದ ಹಾಗೆ ಮಾತಾಡಿಕೊಳ್ಳಿ ಅಂತ ಮೇಷ್ಟ್ರ ಅಪ್ಪಣೆಯಾಯಿತು. ನಮ್ಮ ಕ್ಯಾಪ್ಟನ್ ತಲೆ ಕೆರೆದುಕೊಂಡು ತೆಲುಗನ್ನು ಆರಿಸಿದ. ನಮ್ಮವನು ತೆಲುಗಿನಲ್ಲಿ ಬಲಕ್ಕೆ ಅಂತ ಕೂಗಿದರೆ, ಚೆಂಡಿಗಿಂತ ಮೊದಲೇ ಅಲ್ಲೊಬ್ಬ ನೇಕಾರ ಹಾಜರು. ಅವರ ಮನೆಮಾತೇ ತೆಲುಗು. ಚೆನ್ನಾಗಿ ಸೋತು ಬಸ್ಸು ಹತ್ತಿದೆವು.

ಮೇಷ್ಟ್ರು ಮಾತ್ರ ಖುಷಿಯಾಗಿದ್ದರು. "ಸೋತ್ರೂ ಗುಟ್ಟು ಬಿಡ್ಲಿಲ್ಲ ನೋಡ್ರಪ್ಪ. ನನಗೇ ಒಂದಕ್ಷರ ಅರ್ಥ ಆಗ್ಲಿಲ್ಲ" ಅಂದರು.

೩. ರಸ್ತೆ ಕಡೆಯಿಂದ

ಕೊನೆಗೆ ಆ ಪಂದ್ಯ ಬಂತು, ನಮ್ಮ ಬಯಲಲ್ಲೇ. ಮೇಷ್ಟ್ರು ಸಾಹುಕಾರರನ್ನು ಕಾಡಿ ಬೇಡಿ ಶೇಂಗಾ ತೆಗೆಸಿದ್ದರು. ನಾವು ರಸ್ತೆ ಕಡೆಗೆ ಹೋಗುವುದೇ ಇಲ್ಲವೆಂದು ಎದುರಾಳಿಗೆ ಗೊತ್ತಿತ್ತು. ಆದ್ದರಿಂದ ಅಲ್ಲಿಂದಲೇ ನುಗ್ಗಬೇಕೆಂಬುದು ಯೋಜನೆ. ಆಟ ಸಮಸಮವಾಗಿ ಮುಗಿಯುವುದರಲ್ಲಿತ್ತು. ಅಷ್ಟರಲ್ಲಿ ಚೆಂಡು ರಸ್ತೆ ಕಡೆಗೆ ಉರುಳಿತು. ಅಲ್ಲಿ ಅವರ ಕಡೆಯವರು ಒಬ್ಬರೂ ಇಲ್ಲ, ಅವರ ಗೋಲ್‌ಕೀಪರ್ ಜಾರಿ ಬಿದ್ದಿದ್ದ. ಬಯಲು ನಮ್ಮದಾಯಿತು ಅಂತ ನನಗೆ ಕಣ್ಣೇ ತುಂಬಿ ಬಂತು.

ಓಡಿ ಬಂದ ನಮ್ಮ ಕ್ಯಾಪ್ಟನ್, ದಿನಾ ಶೇಂಗಾದ ಅಂಚು ಇರುತ್ತಿದ್ದ ಜಾಗದಲ್ಲಿ ಗಕ್ಕನೆ ನಿಂತ. ಆಮೇಲೆ ಇಲ್ಲದ ಶೇಂಗಾವನ್ನು ಸುತ್ತು ಹಾಕತೊಡಗಿದ.

"ಲೇ, ಶೇಂಗಾ ಇಲ್ಲ ಕಣಲೇ, ನುಗ್ಗಲೇ" ಅಂತ ನಾನು ಅರಚಿದೆ.

"ಗೊತ್ತೈತೆ ಕಣಲೇ, ಕಾಲು ಹೋಗ್ತಿಲ್ಲ" ಅಂದ.

ಅವನು ಸುತ್ತಿಕೊಂಡು ಬರುವಷ್ಟರಲ್ಲಿ ನೇಕಾರರು ಚೆಂಡು ತಂದು ನನ್ನ ಗೋಲಿಗೇ ಹೊಡೆದರು.

ಮರುದಿನ ಬಯಲೆಲ್ಲ ಶೇಂಗಾ. ಮೂಟೆ ಹೊತ್ತು ತಂದು ಸುರಿದವರೂ ನಾವೇ. ಆಗ ಮೇಷ್ಟ್ರು ಬಂದರು. ಹಿಂದಿನ ದಿನ ಮರೆತುಹೋದ ಅವರ ಸೀಟಿ ಆಚೆ ತುದಿಯ ಗೋಲ್ ಕಂಬಕ್ಕೆ ನೇತಾಡುತ್ತಿತ್ತು. ಅಂಚಿನಲ್ಲಿ ನಿಂತು ಒಂದು ಗಳಿಗೆ ನೋಡಿದರು. ಎರಡೂ ಚಪ್ಪಲಿ ಕೈಗೆ ತೆಗೆದುಕೊಂಡು, ಬಯಲನ್ನು ಸುತ್ತು ಹಾಕುತ್ತ ಹೊರಟರು.

"ನೇರ ನುಗ್ಗಿ ಸಾರ್" ಅಂದೆ.

"ಸುಮ್ನಿರಪ್ಪ" ಅಂದರು ಮೇಷ್ಟ್ರು, "ಶೇಂಗಾ ಐತೆ."